ಹೊಲದ ಮೇಲಿನ ನೀರು

ಬಲೆಯ ಅಂಚು ಹಲ್ಲಿನ ನಡುವೆ ಇದ್ದುದರಿಂದ ಆದಮ್ಮನಿಗೆ ಬಾಯಿ ಬಿಟ್ಟು ಉತ್ತರ ಕೊಡುವಂತಿರಲಿಲ್ಲ. ಅದು ಗೊತ್ತಿದ್ದೇ ಮಾಳಿಂಗಪ್ಪ ಕುಚೋದ್ಯಕ್ಕೆ ಆ ಗಳಿಗೆಯನ್ನೇ ಆರಿಸಿಕೊಳ್ಳುತ್ತಿದ್ದ.

"ಯಕ್ಕಾ, ಬಲಿ ಒಗಿಯಾಕ ನಿಂತೀಯೋ, ಹಸೀ ಸೀರಿ ಹಿಂಡಾಕ ನಿಂತೀಯೋ?" ಎಂದ ಅವನು, ತೆಪ್ಪದ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೇ. "ಪಾಪ, ಮೀನ ಕಾದು ಕಾದು ಮುದುಕಾಗಾಕತ್ಯಾವು."

ಆದಮ್ಮ ಕಣ್ಣಿನಲ್ಲೇ ಅವನನ್ನು ಬೈದಳು. ಎಡಗೈ ಮಣಿಕಟ್ಟಿಗೆ ಹಗ್ಗದ ಕುಣಿಕೆ, ಎಡ ಮೊಳಕೈ ಮೇಲೆ ಬಲೆಯ ಒಂದು ಪಾಲು, ಬಲಗೈಯಲ್ಲಿ ಇನ್ನೊಂದು ಪಾಲು, ಹಲ್ಲಿನಲ್ಲಿ ಸೀಸದ ಗುಂಡು ಪೋಣಿಸಿದ ಅಂಚು. ಕಾಲ ಕೆಳಗೆ ಬಿದಿರು ಹೆಣೆದು, ಚೀಲ ಹೊದಿಸಿ, ಡಾಂಬರು ಬಳಿದ ದುಂಡನೆಯ ತೆಪ್ಪ. ಒಳಗಿದ್ದವರು ಕೆಮ್ಮಿದರೂ ಸಾಕು, ಗರಗರ ತಿರುಗುವಂಥದ್ದು.

"ಬಾಯಿ ಮ್ಯಾಲೆ ಧ್ಯಾನ ಇಡು ಮಗಳಾ," ಎಂದ, ಹುಟ್ಟು ಹಿಡಿದು ಕುಳಿತಿದ್ದ ಇಸ್ಮಾಯಿಲ್‌ಸಾಬ್. "ಬಲಿ ಒಗಿಯೋದು ಕೈ ಅಲ್ಲ, ಬಾಯಿ. ಜಲ್ದಿ ಬಿಟ್ರ ಬಲಿ ಮುದ್ದಿಯಾಗಿ ಬೀಳತೈತಿ. ತಡಾ ಮಾಡಿದ್ರ ಬಲಿ ಸಂಗಾಟ ಹಲ್ಲೂ ಹೊಕ್ಕಾವು."

ಆದಮ್ಮ ಸೊಂಟ ತಿರುವಿ ಬೀಸಿದಳು. ಬಲೆ ಗಾಳಿಯಲ್ಲಿ ಅರ್ಧ ಬಿಚ್ಚಿಕೊಂಡು, ಮನಸ್ಸು ಬದಲಿಸಿದಂತೆ ಮುದುರಿ, ದುಡುಮ್ಮೆಂದು ನೀರಿಗೆ ಬಿತ್ತು. ತೆಪ್ಪ ಒಂದು ಸುತ್ತು ತಿರುಗಿತು. ಮಾಳಿಂಗಪ್ಪ ಕಣ್ಣು ಮುಚ್ಚಿಕೊಂಡ.

"ಕಲ್ಲು ಒಗದಿದ್ರೂ ಇದಕ್ಕಿಂತ ಚಂದ ಬೀಳತಿತ್ತು," ಎಂದ ಕಣ್ಣು ಬಿಡುವ ಮೊದಲೇ.

ಈಗ ಆದಮ್ಮನ ಬಾಯಿ ಖಾಲಿಯಿತ್ತು. "ಲೇ ಮಾಳ್ಯಾ, ನೀ ನಿನ್ನಿ ಒಗದ ಬಲಿ ನೀರಿಗೇ ಮುಟ್ಟಲಿಲ್ಲಲ್ಲೋ. ನಿನ್ನ ತಲಿ ಮ್ಯಾಲೇ ಬಿದ್ದಿತ್ತು. ಕಾಕಾ ಬಿಡಿಸಲಿಲ್ಲಂದ್ರ ಇವತ್ತಿಗೂ ಅದರಾಗೇ ಇರತಿದ್ದಿ."

ಇಸ್ಮಾಯಿಲ್‌ಸಾಬ್ ನಕ್ಕ. ನಕ್ಕರೆ ಅವನ ಬಾಯಲ್ಲಿ ಮುಂದಿನ ಎರಡು ಹಲ್ಲಿರಲಿಲ್ಲ. ಅವು ಬಲೆಯ ಸಂಗಡ ಹೋದವೋ, ವಯಸ್ಸಿನ ಸಂಗಡ ಹೋದವೋ, ಕೇಳಲು ಯಾರಿಗೂ ಧೈರ್ಯವಾಗಿರಲಿಲ್ಲ.

ಅದು ಎಂಬತ್ತೇಳನೆಯ ಇಸವಿಯ ಮಾತು. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ನಾರಾಯಣಪುರದ ಆಣೆಕಟ್ಟಿನ ಹಿನ್ನೀರು ಲಿಂಗಸುಗೂರು ತಾಲ್ಲೂಕಿನ ಅವರ ಊರನ್ನು ನುಂಗಿ ಕೆಲವು ವರ್ಷವಾಗಿದ್ದವು. ಊರವರೆಲ್ಲ ದಿಬ್ಬದ ಮೇಲಿನ ಹೊಸೂರಿಗೆ ಬಂದಿದ್ದರು. ಗೆರೆ ಎಳೆದಂಥ ಸಾಲು ಮನೆಗಳು, ಇನ್ನೂ ಮೊಳಕಾಲೆತ್ತರಕ್ಕೆ ಬಾರದ ಬೇವಿನ ಸಸಿಗಳು, ನೆರಳೆಂಬುದೇ ಇಲ್ಲದ ಅಂಗಳ. ಕುಳಿತು ಮಾತಾಡಲು ಅಗಸಿಯ ಕಟ್ಟೆ ಇರಲಿಲ್ಲವಾಗಿ ಗಂಡಸರು ಬಸ್ಸು ನಿಲ್ಲುವ ಕಡೆ ಹೋಗಿ ಕೂರುತ್ತಿದ್ದರು. ಲಿಂಗಸುಗೂರಿನ ಕೆಂಪು ಬಸ್ಸು ಬಂದು ಹೋದ ಮೇಲೂ ಎದ್ದು ಬರುತ್ತಿರಲಿಲ್ಲ.

ಹಳೇ ಊರಿನ ಕೆಳಗೆ, ಹಳ್ಳ ಕೃಷ್ಣೆಯನ್ನು ಕೂಡುವ ಕಡೆ ಆದಮ್ಮನ ಕರಿ ಹೊಲವಿತ್ತು. ಒಬ್ಬಳೇ ಮಗಳೆಂದು ಅಪ್ಪ ಅವಳ ಹೆಸರಿಗೇ ಬಿಟ್ಟು ಹೋಗಿದ್ದ. ಹಿಂಗಾರಿಗೆ ಬಿಳಿಜೋಳ, ನಡುನಡುವೆ ಕುಸುಬೆಯ ಸಾಲು. ಕಾಳು ಹಾಲು ತುಂಬಿದಾಗ ತೆನೆ ಮುರಿದು, ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡ ಸೀತನಿಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಹೊಸೂರಿನಲ್ಲಿ ಸಂತೆಯಿಂದ ತಂದ ಜೋಳದ ರೊಟ್ಟಿ ತಟ್ಟುವಾಗಲೆಲ್ಲ ಅವಳ ತಾಯಿ ಶೇಖಮ್ಮ ಹಿಟ್ಟನ್ನು ಮೂಗಿನ ಹತ್ತಿರ ತಂದು ಮೂಸಿ, ಆಮೇಲೆ ಕಲಸಲು ಕೂರುತ್ತಿದ್ದಳು.

ಆದಮ್ಮನ ಗಂಡ ಬಾಲಪ್ಪ ಪಾಮನಕಲ್ಲೂರಿನಿಂದ ಮನೆ ಅಳಿಯನಾಗಿ ಬಂದವನು. ಆ ಹೊಲವನ್ನು ತನ್ನದೆಂದೇ ದುಡಿದಿದ್ದ. ಅದು ಮುಳುಗಿದ ಮೇಲೆ ದಂಡೆಗೆ ಕಾಲಿಡುವುದನ್ನೇ ಬಿಟ್ಟ. "ಆ ನೀರು ನನ್ನ ಕೈಲೆ ನೋಡಾಕ ಆಗಂಗಿಲ್ಲ" ಎಂದು ಹೇಳಿ, ಸಿಂಧನೂರು ಕಡೆಯ ಗೊರೇಬಾಳಕ್ಕೆ ಹೋಗಿ ಕಾಲುವೆ ಕೆಳಗಿನ ಭತ್ತದ ಗದ್ದೆಗೆ ನೀರು ಕಟ್ಟುವ ಕೆಲಸ ಹಿಡಿದಿದ್ದ. ಅದೂ ನೀರೇ. ಆದರೆ ಹೇಳಿದ ಕಡೆ ಹರಿಯುವ ನೀರು.

ಆ ವರ್ಷ ಹಿನ್ನೀರಿನ ಮೀನುಗಾರರು ಒಂದು ಸಂಘ ಮಾಡಿಕೊಂಡರು. ಹೊಲ ಕಳೆದುಕೊಂಡವರಿಗೂ ಜಾಗ ಕೊಡೋಣ, ಆದರೆ ಬಲೆ ಬೀಸಲು ಬರಬೇಕು ಎಂದು ಮಾತಾಯಿತು. ಬರುತ್ತದೋ ಇಲ್ಲವೋ ನೋಡಿ ಹೇಳುವವನು ಲಾಲಪ್ಪ. ನದಿಯ ಕೆಳಗಣ ಊರಿನ ಅಂಬಿಗರ ಹಿರಿಯ. ಬಲೆ ಬೀಸಿ ತೋರಿಸಿದವರಿಗೆ ಅವನೇ ನೀರಿನ ಪಾಲನ್ನು ಗುರುತು ಮಾಡಿ ಕೊಡುತ್ತಿದ್ದ. ಈ ಬಂಡೆಯಿಂದ ಆ ಒಣ ಮರದ ತನಕ ನಿನ್ನದು, ಅಲ್ಲಿಂದ ಆಚೆಗೆ ಇನ್ನೊಬ್ಬನದು ಎಂದು.

ಆದಮ್ಮನಿಗೆ ಬೇಕಾಗಿದ್ದುದು ಒಂದೇ ಪಾಲು. ತನ್ನ ಹೊಲದ ಮೇಲಿನ ನೀರು.

"ಹೆಣ್ಮಗಳು ಬಲಿ ಬೀಸ್ತೀಯಾ?" ಎಂದು ಬಾಲಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬಹಳ ಹೊತ್ತು ತಲೆ ತುರಿಸಿಕೊಂಡು ಒಂದು ಮಾತು ಹೇಳಿದ. "ಎಳ್ಳ ಅಮಾಸಿಗೆ ಊರಿಗೆ ಬರತೀನಿ. ಅಷ್ಟರಾಗ ನಿನಗ ಅಲ್ಲಿ ನೀರು ಸಿಕ್ಕಿದ್ರ ಆತು. ಸಿಗಲಿಲ್ಲಂದ್ರ, ಅವ್ವನ್ನ ಕರಕೊಂಡು ನನ್ನ ಸಂಗಾಟ ಗೊರೇಬಾಳಕ್ಕ ಬರಬೇಕು. ನಾಟಿಗೆ ಕೈ ಬೇಕಾಗ್ಯಾವು. ಆಮ್ಯಾಲ ನನಗ ಹೊಳ್ಳಿ ಕೇಳಬ್ಯಾಡ."

"ಹೂನ್ರಿ," ಎಂದಿದ್ದಳು ಆದಮ್ಮ.

ಹಾಗೆ ಅವಳು ಇಸ್ಮಾಯಿಲ್‌ಸಾಬನ ಬಾಡಿಗೆ ತೆಪ್ಪ ಹತ್ತಿದ್ದು. ಅವನು ಹಿಂದೆ ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸುತ್ತಿದ್ದವನು. ನೀರು ಹರವಿಕೊಂಡು ದಾರಿಗಳೆಲ್ಲ ಬೇರೆಯಾದ ಮೇಲೆ ದಾಟುವವರು ಇಲ್ಲದಂತಾಗಿ, ಕೇಳಿದವರಿಗೆ ತೆಪ್ಪ ಬಾಡಿಗೆಗೆ ಕೊಡುತ್ತಿದ್ದ. ರಜೆಯ ದಿನ ಲಿಂಗಸುಗೂರಿನಿಂದ ಮಾಸ್ತರರು, ಗುಮಾಸ್ತರು ಗಾಳ ಹಿಡಿದುಕೊಂಡು ಬಂದು, ನೆರಳಿಗೆ ಛತ್ರಿ ಬಿಚ್ಚಿ ಕುಳಿತು, ಸಂಜೆ ತನಕ ಒಂದು ಬೆರಳುದ್ದದ ಮೀನು ಹಿಡಿದು, ಅದರ ಮಾತನ್ನು ವಾರವಿಡೀ ಆಡುತ್ತಿದ್ದರು. ಉಳಿದ ದಿನ ಕಲಿಯುವವರ ಸರದಿ. ಸೇರು ಜೋಳ ತಂದರೂ ಆಯಿತು, ಹಿಡಿದ ಮೀನಿನಲ್ಲಿ ಪಾಲು ಕೊಟ್ಟರೂ ಆಯಿತು. ಹೆಂಗಸು ಕೇಳಲು ಬಂದಾಗ ದಂಡೆಯ ಮೇಲಿದ್ದವರು ನಕ್ಕಿದ್ದರು.

"ಮೀನಿಗೆ ಸೀರಿ, ಧೋತರ ಗೊತ್ತಾಗಂಗಿಲ್ಲ," ಎಂದಿದ್ದ ಇಸ್ಮಾಯಿಲ್‌ಸಾಬ್ ಅವರ ಕಡೆ ನೋಡದೆ. "ಕಚ್ಚಿ ಹಾಕ್ಕೊಂಡು ಬಾ ಮಗಳಾ. ನನ್ನ ತೆಪ್ಪದಾಗ ಎರಡೇ ಜಾತಿ. ಈಜು ಬರೋರು, ಬರದೋರು."

ಆದಮ್ಮ ಸಣ್ಣವಳಿದ್ದಾಗ ತೋಟದ ಬಾವಿಯಲ್ಲಿ ಈಜು ಕಲಿತವಳು. ಕುರಿ ಕಾಯ್ದು ಬೆಳೆದ ಮಾಳಿಂಗಪ್ಪನಿಗೆ ಈಜು ಬರುತ್ತಿರಲಿಲ್ಲ. ಅವನ ಹೊಲ ಅವಳ ಹೊಲದ ಮೂಡಲಿಗೆ, ಎರಡು ಹೊಲ ದಾಟಿ ಇತ್ತು. ಅವನೂ ತನ್ನ ಹೊಲದ ಮೇಲಿನ ನೀರಿಗೆ ಆಸೆಪಟ್ಟೇ ಬಂದಿದ್ದ. ಅವನು ಬಾಯಿ ಇಷ್ಟು ಹರಿಯಬಿಡುತ್ತಿದ್ದುದು ಭಯಕ್ಕೆಂದು ಆದಮ್ಮನಿಗೆ ಬೇಗನೆ ತಿಳಿಯಿತು. ಆಮೇಲೆ ಅವನ ಮಾತು ಅಷ್ಟಾಗಿ ಚುಚ್ಚಲಿಲ್ಲ.

ಇಸ್ಮಾಯಿಲ್‌ಸಾಬನದು ನಿಧಾನದ ಪಾಠ. ಮೊದಮೊದಲು ಬಲೆ ಮುಟ್ಟಲೂ ಬಿಡಲಿಲ್ಲ, ತೆಪ್ಪದಲ್ಲಿ ನಿಲ್ಲುವುದನ್ನು ಕಲಿಸಿದ. ಆಮೇಲೆ ನೆರಳು. ಬೆಳಗಿನ ಹೊತ್ತು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡರೆ ನೆರಳು ಮುಂದೆ ಬಿದ್ದು ಮೀನು ಓಡುತ್ತದೆ ಎಂದು ತೆಪ್ಪವನ್ನು ಓರೆಯಾಗಿ ಒಯ್ಯುತ್ತಿದ್ದ. ಆಮೇಲೆ ಹಗ್ಗ.

"ಹಗ್ಗ ಎಳೀಬ್ಯಾಡ, ಅದು ಏನ ಅಂತೈತಿ ಕೇಳು," ಎನ್ನುತ್ತಿದ್ದ. "ಸಣ್ಣ ಮೀನಿದ್ರ ಕೈಗೆ ತುರಿಕಿ ಬಂದಂಗ ಆಕ್ಕತಿ. ದೊಡ್ಡದಿದ್ರ ಸುಮ್ಮಕ ಕುಂತಿರತೈತಿ, ಏನೂ ಇಲ್ಲಾಂತ ನೀ ಅನ್ನೋದ್ರಾಗ ಒಮ್ಮಿಗೇ ಜಗ್ಗತೈತಿ. ಗಿಡದ ಬಡ್ಡಿ ಸಿಕ್ಕಿದ್ರ ಜಗ್ಗಂಗೂ ಇಲ್ಲ, ಬಿಡಂಗೂ ಇಲ್ಲ."

ಒಂದು ದಿನ ಹಾಗೆಯೇ ಬಲೆ ಬಡ್ಡೆಗೆ ಸಿಕ್ಕಿಕೊಂಡಿತು. ತಪ್ಪು ಆದಮ್ಮನದೇ. ನೀರಿನ ಮೇಲೆ ಹೋಗುವಾಗ ಅವಳಿಗೂ ಮಾಳಿಂಗಪ್ಪನಿಗೂ ಕಾಣುತ್ತಿದ್ದುದು ನೀರಲ್ಲ. ಈಗ ಬಂಡಿ ದಾರಿ ಬಂತು, ಈಗ ಗೌಡರ ತೋಟ, ಈಗ ನಮ್ಮ ಬದು ಎಂದು ಗುಡ್ಡದ ಗುರುತು ಹಿಡಿದು ಹೇಳಿಕೊಳ್ಳುತ್ತಿದ್ದರು. ಹೊಲದ ಸಾರವೆಲ್ಲ ಬನ್ನಿ ಗಿಡದ ಸುತ್ತ ಇತ್ತು, ಅಲ್ಲಿ ಜೋಳ ಆಳೆತ್ತರ ಬೆಳೆಯುತ್ತಿತ್ತು, ಮೀನೂ ಅಲ್ಲೇ ಇದ್ದಾವು ಎಂದು ಲೆಕ್ಕ ಹಾಕಿ ಆದಮ್ಮ ಬಲೆಯನ್ನು ನೇರ ಬನ್ನಿಯ ಮೇಲೆ ಬೀಸಿದ್ದಳು. ಕಡಿದೊಯ್ದ ಗಿಡದ ಬಡ್ಡೆ ಕೆಳಗೆ ಹಾಗೇ ನಿಂತಿತ್ತು.

ಬಿಡಿಸಲು ಅವಳೇ ಇಳಿದಳು. ಮೇಲಿನ ನೀರು ಬೆಚ್ಚಗಿತ್ತು, ಕೆಳಗಿನದು ತಣ್ಣಗೆ. ಕೈಗೆ ಬಡ್ಡೆ ಸಿಕ್ಕಿತು. ತೊಗಟೆ ಮೆತ್ತಗಾಗಿ ಹಸುವಿನ ನಾಲಿಗೆಯಂತಿತ್ತು. ಕಳೆ ತೆಗೆಯುವ ದಿನಗಳಲ್ಲಿ ಶೇಖಮ್ಮ ಅದೇ ಗಿಡದ ಕೊಂಬೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ ಅವಳನ್ನು ಮಲಗಿಸುತ್ತಿದ್ದಳಂತೆ. ಬಲೆ ಬಿಡಿಸಿದ ಮೇಲೂ ಆದಮ್ಮ ಉಸಿರು ಇರುವಷ್ಟು ಹೊತ್ತು ಬಡ್ಡೆಯನ್ನು ಹಿಡಿದುಕೊಂಡೇ ಇದ್ದಳು. ಮೇಲೆ ಬಂದಾಗ ಮಾಳಿಂಗಪ್ಪನ ಮುಖ ಬಿಳಚಿಕೊಂಡಿತ್ತು. ತೆಪ್ಪದ ಅಂಚು ಬಿಟ್ಟು, ಮೊದಲ ಸಲ, ಎರಡೂ ಕೈ ಅವಳ ಕಡೆ ಚಾಚಿದ್ದ.

"ಹೊಲದ ಹೆಸರು ಹಿಡದು ಮೀನ ಹುಡುಕಬ್ಯಾಡ್ರಿ," ಎಂದ ಇಸ್ಮಾಯಿಲ್‌ಸಾಬ್, ಅವಳು ಕೂದಲು ಹಿಂಡಿಕೊಳ್ಳುವವರೆಗೆ ಕಾದು. "ಮೀನಿಗೆ ಪಹಣಿ ಇಲ್ಲ."

ಚಳಿ ಹಿಡಿಯುವ ಹೊತ್ತಿಗೆ ಒಂದು ಬೆಳಗ್ಗೆ ಬಲೆ ದುಂಡಗೆ ಬಿತ್ತು. ಆ ಸದ್ದು ಆದಮ್ಮನಿಗೆ ಮೊದಲು ಕೇಳಿದ್ದೇ ಅನಿಸಿತು. ಕಣದಲ್ಲಿ ಜೋಳದ ರಾಶಿ ಬಿದ್ದಿರುವಾಗ ಅಕಾಲದ ಮಳೆಯ ಮೊದಲ ಹನಿಗಳು ಬೀಳುವ ಸದ್ದು. ರೈತರ ಎದೆ ನಡುಗಿಸುವ ಆ ಸದ್ದಿಗೆ ಅವಳು ಆ ದಿನ ಗಟ್ಟಿಯಾಗಿ ನಕ್ಕುಬಿಟ್ಟಳು.

"ರೊಟ್ಟಿ ಬಡಿಯೋ ಕೈ," ಎಂದ ಮಾಳಿಂಗಪ್ಪ. "ದುಂಡಗ ಬರಲಾರದ ಏನ ಮಾಡತೈತಿ."

ಲಾಲಪ್ಪ ಬರುತ್ತೇನೆಂದು ಹೇಳಿ ಕಳಿಸಿದ್ದು ಎಳ್ಳ ಅಮಾವಾಸ್ಯೆಯ ದಿನವೇ. ಅಮಾವಾಸ್ಯೆಗೆ ಅವನ ಮನೆತನದವರು ಬಲೆ ಮುಟ್ಟುತ್ತಿರಲಿಲ್ಲವಾಗಿ ಅವನಿಗೆ ಬಿಡುವು. ಕಲಿಯುವವರು ಇನ್ನೂ ಮೀನುಗಾರರಾಗಿಲ್ಲವಲ್ಲ, ಅವರಿಗೆಂಥ ಅಮಾವಾಸ್ಯೆ ಎಂದನಂತೆ. ರೈತರಿಗೆ ಅದು ಹೊಲಕ್ಕೆ ಹೋಗುವ ಹಬ್ಬವೆಂಬುದು ನದಿಯವನಾದ ಅವನಿಗೆ ನೆನಪಾಗಲಿಲ್ಲ. ಹೊಸೂರಿನಲ್ಲೂ ಆ ಹಬ್ಬ ಬರುಬರುತ್ತಾ ಬಡವಾಗಿತ್ತು. ಹೊಲಕ್ಕೆ ಉಣಿಸುವುದೇ ಆ ಹಬ್ಬದ ಜೀವ. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಪೈರಿನ ಮೇಲೆ ಚರಗ ಚೆಲ್ಲಬೇಕು. ಹೊಲವೇ ಇಲ್ಲದ ಮೇಲೆ ಚೆಲ್ಲುವುದೆಲ್ಲಿ?

ಹಿಂದಿನ ದಿನ ಬಾಲಪ್ಪ ಬಂದ. ಬಂದವನೇ ಪೆಟಾರಿಯ ಬೀಗ, ಹಾಸಿಗೆ ಕಟ್ಟುವ ಹಗ್ಗ ಎಲ್ಲಿವೆ ಎಂದು ಕೇಳಿದ. ಎರಡೂ ಗೋಡೆಯ ಮೊಳೆಗೆ ತೂಗುತ್ತಿದ್ದುದನ್ನು ಆದಮ್ಮ ತೋರಿಸಿದಳು. ಶೇಖಮ್ಮ ಏನೂ ಕೇಳಿಸದವಳಂತೆ ಸಜ್ಜೆ ಹಿಟ್ಟು ನಾದುತ್ತಿದ್ದಳು. ಹಬ್ಬದ ದಿನ ಬೆಳಗಿನ ಜಾವವೇ ಎದ್ದು ಸಜ್ಜೆ ಕಡುಬು, ಎಳ್ಳಿನ ಹೋಳಿಗೆ, ಪುಂಡಿಪಲ್ಯ, ಮೊಸರನ್ನ ಎಲ್ಲ ಮಾಡಿ, ಬಿದಿರಿನ ಪುಟ್ಟಿಯಲ್ಲಿಟ್ಟು, ಬಿಳಿ ಅರಿವೆ ಮುಚ್ಚಿ, ಮಗಳ ಕೈಗೆ ಕೊಟ್ಟಳು.

"ಯವ್ವಾ, ನಾ ಬಲಿ ಬೀಸಾಕ ಹೊಂಟೀನಿ," ಎಂದಳು ಆದಮ್ಮ.

"ನಿಮ್ಮ ಬಲಿ ಲೆಕ್ಕ ನನಗ ಗೊತ್ತಾಗಂಗಿಲ್ಲ. ಎಳ್ಳ ಅಮಾಸಿ ದಿನ ಹೊಲಕ್ಕ ಹೊಂಟೀ. ಬರಿಗೈಲೆ ಹೋಗಬ್ಯಾಡ."

ದಂಡೆಯಲ್ಲಿ ಲಾಲಪ್ಪ ಆಗಲೇ ತೆಪ್ಪದಲ್ಲಿ ಕುಳಿತಿದ್ದ. ಬಿಳಿ ಮೀಸೆ, ಒಣಗಿದ ಬಿದಿರಿನಂಥ ಮೈ. ಪುಟ್ಟಿಯನ್ನು ನೋಡಿದ, ಏನೆಂದು ಕೇಳಲಿಲ್ಲ. ಬಾಲಪ್ಪ ಎಷ್ಟೋ ವರ್ಷದ ಮೇಲೆ ನೀರಿನ ತನಕ ಬಂದು, ಕಲ್ಲಿನ ಮೇಲೆ ಶೇಖಮ್ಮನ ಪಕ್ಕ ಕುಳಿತ.

ಮೊದಲು ಮಾಳಿಂಗಪ್ಪನ ಸರದಿ. ತನ್ನ ಹೊಲದ ಮೇಲಿನ ನೀರಲ್ಲೇ ಬೀಸಿದ. ಬಲೆ ಒಂದು ಕಡೆ ಉಬ್ಬಿ, ಒಂದು ಕಡೆ ಚಪ್ಪಟೆಯಾಗಿ ಬಿತ್ತು. ಕಾಲು ಮಾತ್ರ ಅಲುಗಲಿಲ್ಲ.

"ಮೊರದಂಗ ಬಿತ್ತು," ಎಂದ ಲಾಲಪ್ಪ. "ನಡೀತೈತಿ. ಮೀನೇನು ಮೂಲಿ ಹಿಡದು ಅಳತಿ ಮಾಡಂಗಿಲ್ಲ."

ಮಾಳಿಂಗಪ್ಪ ಬೆವರು ಒರೆಸಿಕೊಂಡು, "ಯಕ್ಕಾ, ನಾ ದಡಾ ಸೇರಿದೆ. ಇನ್ನ ನೀ," ಎಂದ. ಇಸ್ಮಾಯಿಲ್‌ಸಾಬ್ ತೆಪ್ಪವನ್ನು ಪಡುವಲಿಗೆ ತಿರುಗಿಸಿದ. ಎದುರಿನ ಗುಡ್ಡದ ಬಿರುಕೂ ಹೊಸೂರಿನ ನೀರಿನ ಟಾಕಿಯೂ ಒಂದೇ ಗೆರೆಗೆ ಬಂದಾಗ ಹೊಲ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅಜ್ಜಾರ, ಮೊದಲ ಇದೊಂದು ಮಾಡಿಬಿಡತೀನ್ರಿ," ಎಂದಳು ಆದಮ್ಮ.

ಪುಟ್ಟಿಯಲ್ಲೇ ಕಡುಬು ಮುರಿದಳು. ಹೋಳಿಗೆ ಕಿವುಚಿದಳು. ಅನ್ನ, ಪಲ್ಯ ಎಲ್ಲ ಕೂಡಿಸಿ ಕಲಸಿದಳು. ಎದ್ದು ನಿಂತು, ಅಪ್ಪ ಎರಚುತ್ತಿದ್ದಂತೆಯೇ ಮೊದಲು ಮೂಡಲಿಗೆ ಒಂದು ಹಿಡಿ ಎರಚಿದಳು.

"ಹುಲ್ಲುಲ್ಲಿಗೋ," ಎಂದಳು. ದನಿ ನೀರಿನ ಮೇಲೆ ತನ್ನದಲ್ಲವೆಂಬಂತೆ ದೂರ ಹೋಯಿತು.

"ಚಲ್ಲಂಬರಿಗೋ," ಎಂದ ಮಾಳಿಂಗಪ್ಪ. ಹೊಲದಲ್ಲಿ ಚರಗ ಚೆಲ್ಲುವವರ ಹಿಂದೆ ನಡೆಯುವವರು ಓಗೊಡುವ ಕೂಗು ಅದು. ಎಷ್ಟೋ ವರ್ಷದಿಂದ ಆಡದ ಮಾತು ಅವನನ್ನು ಕೇಳದೆಯೇ ಬಾಯಿಂದ ಹೊರಟುಬಿಟ್ಟಿತ್ತು. ನಾಚಿಕೊಂಡು ತಲೆ ತಗ್ಗಿಸಿದ. ಆದರೆ ಅವಳು ತೆಂಕಲಿಗೆ ಎರಚಿ ಕೂಗಿದಾಗ ಮತ್ತೆ ಓಗೊಟ್ಟ. ಪಡುವಲಿಗೂ, ಬಡಗಲಿಗೂ.

ಮೊದಲಿಗೆ ನೀರು ಅಲುಗಲಿಲ್ಲ. ಅನ್ನದ ಅಗುಳು ಬೆಳ್ಳಗೆ ತೇಲುತ್ತಿದ್ದವು. ಆಮೇಲೆ ಒಂದು ಅಗುಳು ಮಾಯವಾಯಿತು. ಇನ್ನೊಂದು. ಅಲ್ಲೊಂದು ಗುಳ್ಳೆ, ಇಲ್ಲೊಂದು ಬಾಲದ ಬಡಿತ. ನೋಡುತ್ತಿದ್ದಂತೆ ತೆಪ್ಪದ ಸುತ್ತಲೂ ನೀರು ಕುದಿಯುವ ಎಸರಿನಂತಾಯಿತು. ಗೆಂಡೆ ಮೀನುಗಳ ಕರಿ ಬೆನ್ನು, ಕಾಟ್ಲಾದ ಅಗಲ ಬಾಯಿ. ಬಿಸಿಲಿಗೆ ಹೊಳೆಯುತ್ತಾ, ಒಂದರ ಮೇಲೊಂದು ಏರಿ, ಕಡುಬಿನ ಚೂರಿಗೆ ಬಾಯಿ ತೆರೆಯುತ್ತಿದ್ದವು.

"ಯಾ ಅಲ್ಲಾ," ಎಂದ ಇಸ್ಮಾಯಿಲ್‌ಸಾಬ್ ಪಿಸುದನಿಯಲ್ಲಿ. "ಒಗಿ ಮಗಳಾ. ಈಗ ಒಗಿ."

ಆದಮ್ಮ ಬಲೆ ಎತ್ತಿಕೊಂಡಳು. ಕುಣಿಕೆ ಮಣಿಕಟ್ಟಿಗೆ, ಒಂದು ಪಾಲು ಮೊಳಕೈಗೆ, ಅಂಚು ಹಲ್ಲಿಗೆ. ಸೊಂಟ ಬಲಕ್ಕೆ ತಿರುಗಿತು. ಕಣ್ಣು ಮುಚ್ಚಿ ಬೀಸಿದರೂ ಬಲೆ ತುಂಬುವಷ್ಟು ಮೀನಿತ್ತು. ದಂಡೆಯಲ್ಲಿ ಬಾಲಪ್ಪ ಎದ್ದು ನಿಂತದ್ದು ಕಾಣುತ್ತಿತ್ತು. ಅವಳ ಕಾಲ ಬಳಿ ನೀರಿನಲ್ಲಿ ಒಂದು ದೊಡ್ಡ ಗೆಂಡೆ ಹೋಳಿಗೆಯ ಚೂರನ್ನು ಬಾಯಿಗೆ ತೆಗೆದುಕೊಂಡು, ಬಿಟ್ಟು, ಮತ್ತೆ ತೆಗೆದುಕೊಂಡಿತು. ಹಲ್ಲಿಲ್ಲದ ಮುದುಕಿ ಮೆಲ್ಲುವ ಹಾಗೆ.

ಅವಳ ಸೊಂಟ ತಿರುಗಿದ್ದು ಹಾಗೇ ನಿಂತಿತು. ಹಲ್ಲು ಬಿಡಲಿಲ್ಲ.

"ಒಗಿಯಬೇ ಯಕ್ಕಾ," ಎಂದ ಮಾಳಿಂಗಪ್ಪ. ಈ ಸಲ ಅದರಲ್ಲಿ ಕುಚೋದ್ಯವಿರಲಿಲ್ಲ.

ಆದಮ್ಮ ಬಲೆಯ ಅಂಚನ್ನು ಬಾಯಿಂದ ಕೈಗೆ ತೆಗೆದುಕೊಂಡು, ಬಲೆಯನ್ನು ತೆಪ್ಪದೊಳಗೆ ಮೆಲ್ಲಗೆ ಇಳಿಸಿದಳು.

"ಬಲಿ ಬರತೈತೋ ಇಲ್ಲೋ?" ಎಂದು ಕೇಳಿದ ಲಾಲಪ್ಪ.

"ಬರತೈತ್ರಿ."

"ಮತ್ತ್ಯಾಕ ಒಗೀವಲ್ಲಿ?"

"ಉಣ್ಣಾಕ ಕರದೀನ್ರಿ ಅಜ್ಜಾರ," ಎಂದಳು ಆದಮ್ಮ. "ನಾನೇ ಕೂಗಿ ಕರದು, ಎಡಿ ಮುಂದ ಕುಂದರಿಸಿ, ಮತ್ತ ನಾನೇ ಹೆಂಗ ಬಲಿ ಹಾಕಲಿ?"

"ಅವು ಮೀನಬೇ ಯಕ್ಕಾ," ಎಂದ ಮಾಳಿಂಗಪ್ಪ. "ಬೀಗರಲ್ಲ."

ಲಾಲಪ್ಪ ಬೊಗಸೆ ನೀರು ಎತ್ತಿ ಬಾಯಿ ಮುಕ್ಕಳಿಸಿ ಉಗುಳಿದ. ಮೀನುಗಳು ಇನ್ನೂ ಉಣ್ಣುತ್ತಿದ್ದವು.

"ಇವತ್ತು ಹೋಗಲಿ," ಎಂದ. "ನಾಳಿ ಇದೇ ನೀರಾಗ ಒಗೀತಿ?"

ಹೂಂ ಎಂದರೆ ಮುಗಿಯುತ್ತಿತ್ತು. ನಾಳೆ ಬೀಸಿ ತೋರಿಸು ಎಂದು ಅವನು ಬಿಟ್ಟುಬಿಡುತ್ತಿದ್ದ. ನೀರೂ ಸಿಗುತ್ತಿತ್ತು, ಪೆಟಾರಿಯ ಬೀಗ ಮೊಳೆಗೇ ತೂಗಾಡಿಕೊಂಡಿರುತ್ತಿತ್ತು. ಆದಮ್ಮ ನೀರನ್ನು ನೋಡಿದಳು. ನಾಳೆಯನ್ನೂ, ನಾಳಿದ್ದನ್ನೂ ಮನಸ್ಸಿಗೆ ತಂದುಕೊಂಡು ನೋಡಿದಳು. ಉಂಡು ಹೋದವು ನಾಳೆ ಮತ್ತೆ ಬರುತ್ತವೆ, ಇದು ಉಂಡ ಜಾಗ ಎಂದು.

"ಇಲ್ರಿ," ಎಂದಳು. "ಇಲ್ಲಿ ನನ್ನ ಕೈ ಬರಂಗಿಲ್ಲ."

ಲಾಲಪ್ಪ ತಲೆಯಾಡಿಸಿದ. "ತೆಪ್ಪ ತಿರುವು," ಎಂದ ಇಸ್ಮಾಯಿಲ್‌ಸಾಬನಿಗೆ.

ಮುಗಿಯಿತೆಂದುಕೊಂಡು ಆದಮ್ಮ ಖಾಲಿ ಪುಟ್ಟಿಯನ್ನು ನೀರಿನಲ್ಲಿ ಅದ್ದಿ ತೊಳೆದಳು. ಅರಿವೆ ಹಿಂಡಿದಳು. ಗೊರೇಬಾಳದ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆಯುವ ಹೆಂಗಸರ ಸಾಲು ಕಣ್ಣ ಮುಂದೆ ಬಂತು. ತಲೆ ಎತ್ತಿದಾಗ ತೆಪ್ಪ ದಂಡೆಯ ಕಡೆ ಹೋಗುತ್ತಿರಲಿಲ್ಲ. ಮೂಡಲಿಗೆ ಹೊರಟಿತ್ತು. ಮಾಳಿಂಗಪ್ಪನ ಹೊಲದ ಮೇಲೆ ಬಂದು ನಿಂತಿತು.

"ಇಲ್ಲಿ ಒಗಿ," ಎಂದ ಲಾಲಪ್ಪ.

ಅವಳು ಎದ್ದಳು. ಇಲ್ಲಿ ನೀರು ಬರೀ ನೀರಾಗಿತ್ತು. ಸೊಂಟ ತಿರುಗಿತು, ಕೈ ಹೋಯಿತು, ಬಾಯಿ ಬಿಟ್ಟಿತು. ಬಲೆ ಗಾಳಿಯಲ್ಲಿ ಅಷ್ಟಗಲ ಅರಳಿ, ಕಣದ ಮೇಲೆ ಮಳೆ ಬಂದಂತೆ ಬಿತ್ತು. ಲಾಲಪ್ಪ ಅದನ್ನು ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡ. ಹಗ್ಗ ಅವಳ ಬೆರಳ ನಡುವೆ ಏನೂ ಇಲ್ಲವೆಂಬಂತೆ ಸುಮ್ಮನೆ ಕುಳಿತಿತ್ತು. ಆಮೇಲೆ ಒಮ್ಮೆಗೇ ಜಗ್ಗಿತು.

"ಈ ನೀರು ಈಕಿದು," ಎಂದ ಲಾಲಪ್ಪ ಕಣ್ಣು ಬಿಟ್ಟು. "ಆ ನೀರು ನಿಂದು ಮಾಳಿಂಗ."

"ಅಜ್ಜಾರ, ಇದು ನಮ್ಮಪ್ಪ ದುಡದ ಹೊಲರಿ," ಎಂದ ಮಾಳಿಂಗಪ್ಪ. "ನಾನೇನ ಒಗಿಯಲ್ಲ ಅಂದಿಲ್ಲಲ್ರಿ."

"ಅಂದಿಲ್ಲ. ಆದರ ಆಕಿ ಕೂಗಿದಾಗ ನೀ ಓ ಅಂದಿ. ನಾ ಕೇಳೀನಿ. ಬರೋ ವರ್ಷ ನಿಮ್ಮವ್ವ ಪುಟ್ಟಿ ಕೊಟ್ಟು ಕಳಸ್ತಾಳ. ಆಮ್ಯಾಲ ನಿನ್ನ ಹೊಲದ ಮ್ಯಾಲ ನೀನೂ ಬಲಿ ಮಡಚಿ ಇಡತಿ." ನೀರಿನ ಕಡೆ ತಿರುಗಿ, "ಅಮಾಸಿ ದಿನ ನಮ್ಮಪ್ಪ ಬಲಿ ಮುಟ್ಟತಿದ್ದಿಲ್ಲ. ಯಾಕಂತ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ," ಎಂದ.

ಮಾಳಿಂಗಪ್ಪ ತೆಪ್ಪದ ಅಂಚನ್ನು ಮತ್ತೆ ಎರಡೂ ಕೈಯಿಂದ ಹಿಡಿದುಕೊಂಡ. ಇಸ್ಮಾಯಿಲ್‌ಸಾಬ್ ತೆಪ್ಪವನ್ನು ದಂಡೆಗೆ ಮುಟ್ಟಿಸಿದ. ಬಲೆಗೆ ಒಂದು ದೊಡ್ಡ ಮೀನು ಸಿಕ್ಕಿತ್ತು, ಆದರೆ ಅಮಾವಾಸ್ಯೆಯ ದಿನ ಮೀನು ಮನೆಗೆ ಒಯ್ಯುವಂತಿರಲಿಲ್ಲ. ಆದಮ್ಮ ಅದನ್ನು ಇಸ್ಮಾಯಿಲ್‌ಸಾಬನ ಮುಂದಿಟ್ಟಳು. ಅವನು ಅದರ ಕಿವಿರು ಅಗಲಿಸಿ ನೋಡಿ, "ಕಲಿಸಿದ್ದಕ್ಕ ಇದೊಂದು ಭಾಳಾತು ಮಗಳಾ," ಎಂದ.

ಬಾಲಪ್ಪ ನೀರಿನ ಅಂಚಿಗೇ ಬಂದು ನಿಂತಿದ್ದ. ಅವನ ಪಾದ ಒದ್ದೆಯಾಗಿತ್ತು.

"ಸಿಕ್ತೇನು?"

"ಸಿಕ್ತರಿ. ನಮ್ಮದಲ್ಲ. ಮಾಳ್ಯಾಂದು."

ಅವನು ಹೆಂಡತಿಯ ಮುಖವನ್ನೂ ನೀರನ್ನೂ ನೋಡಿದ. ಶೇಖಮ್ಮ ಮಾತ್ರ ಪುಟ್ಟಿಯೊಳಗೆ ಇಣುಕಿ ನೋಡಿದಳು.

"ಉಂಡವೇನು?"

"ಉಂಡವು ಯವ್ವಾ," ಎಂದಳು ಆದಮ್ಮ. "ಹೊಟ್ಟಿ ತುಂಬ ಉಂಡವು."

ಮಾರನೆಯ ಬೆಳಗ್ಗೆ ಬಾಲಪ್ಪ ಒಬ್ಬನೇ ಕೆಂಪು ಬಸ್ಸು ಹತ್ತಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾಟಿ ಮುಗದ ಮ್ಯಾಲ ಬರತೀನಿ. ನನಗೂ ಆ ತೆಪ್ಪದಾಗ ನಿಂದ್ರೋದು ಬರತೈತೋ ಏನೋ ನೋಡಬೇಕು," ಎಂದ. ಬಸ್ಸು ಧೂಳೆಬ್ಬಿಸಿ ಹೋಯಿತು.

ಬೇಸಿಗೆ ಬಂದು ನೀರು ಇಳಿಯತೊಡಗಿತು. ದಿನಕ್ಕಿಷ್ಟು ಹಿಂದೆ ಸರಿಯುತ್ತಾ, ಮೊದಲು ಹಳೇ ಊರಿನ ಹನುಮಪ್ಪನ ಗುಡಿಯ ಗೋಡೆ, ಆಮೇಲೆ ಗೌಡರ ತೋಟದ ಬಾವಿಯ ಕಲ್ಲು ಕಂಡವು. ಆ ಹೊತ್ತಿಗೆ ಬಾಡಿಗೆ ತೆಪ್ಪವನ್ನು ಆದಮ್ಮನೇ ಹುಟ್ಟು ಹಾಕಿಕೊಂಡು ಹೋಗುತ್ತಿದ್ದಳು. ಇಸ್ಮಾಯಿಲ್‌ಸಾಬ್ ದಂಡೆಯಲ್ಲಿ ಬೀಡಿ ಸೇದುತ್ತಾ ಕೂರುತ್ತಿದ್ದ. ಮಾಳಿಂಗಪ್ಪ ಮಸ್ಕಿಯ ಕಡೆಯಿಂದ ಒಂದು ಹಳೇ ತೆಪ್ಪ ತಂದುಕೊಂಡಿದ್ದ. ಎದುರಾದರೆ ತಮಾಷೆ ಮಾಡುತ್ತಿದ್ದ, ಆದರೆ ಮೊದಲಿನಷ್ಟಲ್ಲ.

ಒಂದು ದಿನ ಮಧ್ಯಾಹ್ನ ಮರಳುವಾಗ ಆದಮ್ಮನ ಹೊಲದ ಮೇಲಿನ ಅಂಚು ನೀರಿನಿಂದ ಎದ್ದಿತ್ತು. ನಾಲ್ಕು ಸಾಲಿನಷ್ಟು ನೆಲ, ಮೇಲೆ ಹೂಳಿನ ತೆಳು ಪದರ, ಅದರ ಮೇಲೆ ಹಕ್ಕಿಗಳ ಕಾಲ ಗುರುತು. ಮಾಳಿಂಗಪ್ಪನ ತೆಪ್ಪ ಅಲ್ಲೇ ಕವುಚಿ ಬಿದ್ದಿತ್ತು. ಅವನು ಅದರ ನೆರಳಿಗೆ ತಲೆ ತೂರಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ಬಲೆಯನ್ನು ಬದುವಿನ ಕಲ್ಲಿನ ಮೇಲೆ ಒಣಗಲು ಹರವಿದ್ದ.

ಆದಮ್ಮ ಹುಟ್ಟು ಒಳಗಿಟ್ಟು ಇಳಿದಳು. ಕೆಸರು ಮೀನಖಂಡದ ತನಕ ಅವಳನ್ನು ಒಳಗೆ ತೆಗೆದುಕೊಂಡಿತು, ಆಮೇಲೆ ಬಿಟ್ಟಿತು. ಬಲೆಯ ಒಂದು ಮಗ್ಗುಲು ಕಲ್ಲಿನಿಂದ ಜಾರಿ ಹೂಳಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿ ನೀರಿನಲ್ಲಿ ಜಾಲಾಡಿದಳು, ಅವನಿಗೆ ಎಚ್ಚರವಾಗದಂತೆ ಮೆಲ್ಲಗೆ ಕೊಡವಿದಳು, ಬಿಸಿಲಿಗೆ ಅಗಲ ಮಾಡಿ ಹರವಿದಳು. ಮತ್ತೆ ಜಾರದಿರಲೆಂದು ಬಗ್ಗಿ, ಬಿರುಕು ಬಿಡತೊಡಗಿದ್ದ ನೆಲದಿಂದ ಒಂದು ಕರಿ ಮಣ್ಣಿನ ಹೆಂಟೆ ಕಿತ್ತು, ಬಲೆಯ ಮೇಲಿಟ್ಟಳು.